ಮೈಸೂರು ಪೇಟ ಧರಿಸಿ ಉರಣ್‌ವರೆಗೆ

ಡೊಂಬಿವಲಿಯಲ್ಲಿ ಇರುವವರಿಗೆ ಹವಾಮಾನವೆಂದರೆ ಕೊಡೆ ಹಿಡಿಯಬೇಕೋ ಬೇಡವೋ ಎಂಬಷ್ಟೇ. ಮೇಲೊಂದು ಅಂಗಿ, ಕೆಳಗೊಂದು ಪ್ಯಾಂಟು. ಲೋಕಲ್ ರೈಲು ಹತ್ತಿದ ಮೇಲೆ ಬೇಕಾದ ಶಾಖವನ್ನು ಸುತ್ತಲಿನವರು ಒದಗಿಸುತ್ತಾರೆ. ಚಳಿಗಾಲ ಬಂತೆಂದು ನಮಗೆ ಗೊತ್ತಾಗುವುದು ಪ್ಲಾಟ್‌ಫಾರ್ಮಿನ ಮೇಲೆ ಕೆಲವರು ಮಂಕಿಕ್ಯಾಪ್ ಹಾಕಿಕೊಂಡು ಬೆವರುತ್ತ ನಿಂತಾಗ. ಒಂದೇ ಹಗಲಿನಲ್ಲಿ ಮನುಷ್ಯನೊಬ್ಬ ಚಳಿಗೆ ನಡುಗಿ, ಬಿಸಿಲಿಗೆ ಬೆಂದು, ಒದ್ದೆಯಾಗಿ, ಮತ್ತೆ ನಡುಗಬಹುದು ಎಂದು ಯಾರಾದರೂ ಹೇಳಿದ್ದರೆ ಅದನ್ನು ನಾನು ಮಲೇರಿಯಾ ಎಂದುಕೊಳ್ಳುತ್ತಿದ್ದೆ. ಅದು ಮಲೇರಿಯಾ ಅಲ್ಲ, ದೋಣಿ ಸ್ಪರ್ಧೆ. ಮುಗಿದು ಕೆಲವು ವಾರಗಳಾದವು. ಈಗಲೂ ಬಚ್ಚಲಿನಲ್ಲಿ ಬಕೆಟ್ಟು ತುಳುಕಿದರೆ ನಾನು ಬಾಗಿಲ ಚಿಲಕ ಹಿಡಿದುಕೊಳ್ಳುತ್ತೇನೆ. ಆದ್ದರಿಂದ ನಿಧಾನವಾಗಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ದೋಣಿ ನನ್ನ ಭಾವನದು. ಭಾವ ಎಂದರೆ ಅಕ್ಕನ ಗಂಡ. ಮನೆ ಠಾಣೆಯ ವರ್ತಕ ನಗರದಲ್ಲಿ. ಜೀವಮಾನವಿಡೀ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತವರು, ಬಿಡುವಾದ ಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಿ ಪ್ಲೈವುಡ್ಡಿನಲ್ಲಿ ಇಬ್ಬರು ಕೂರುವ ಹಾಯಿದೋಣಿ ಕಟ್ಟಿದರು. ಕಟ್ಟಿದ್ದು ತಮ್ಮ ಹೌಸಿಂಗ್ ಸೊಸೈಟಿಯ ಕಟ್ಟಡದ ಕೆಳಗೆ, ತಮ್ಮ ಪಾರ್ಕಿಂಗ್ ಜಾಗದಲ್ಲಿ. ಅವರಿಗೆ ಕಾರಿಲ್ಲ. ಕಾರಿಲ್ಲದವನ ಪಾರ್ಕಿಂಗ್ ಜಾಗದ ಮೇಲೆ ಇಡೀ ಕಟ್ಟಡದ ಕಣ್ಣಿರುತ್ತದೆ. ಸೊಸೈಟಿಯ ಸೆಕ್ರೆಟರಿ ಕಾಕಾ ದೋಣಿಗೆ ಒಂದು ಪ್ರದಕ್ಷಿಣೆ ಹಾಕಿ, "ಯೆ ಬೋಟ್ ನಹೀಂ ಹೈ ಅಣ್ಣಾ, ಭಂಗಾರ್ ಹೈ," ಎಂದರು. ಗುಜರಿ ಸಾಮಾನು ಎಂದು ಅರ್ಥ. ಭಾವ ಇದು ವಾಹನ ಎಂದರು. ವಾದ ಬೆಳೆದು, ಕೊನೆಗೆ ಒಂದು ಒಪ್ಪಂದವಾಯಿತು. ಚಳಿಗಾಲದಲ್ಲಿ ಸೀವುಡ್ಸ್ ಹತ್ತಿರದ ಜೆಟ್ಟಿಯಿಂದ ಹೊರಟು, ಖಾಡಿ ಎಂಬ ಕಡಲ ಹಿನ್ನೀರು ದಾಟಿ, ಉರಣ್ ಆಚೆಯ ಸಮುದ್ರದಲ್ಲಿ ತೇಲುವ ಒಂದು ಗುರುತನ್ನು ಸುತ್ತಿ ಹಿಂದಿರುಗುವ ಸಣ್ಣ ದೋಣಿಗಳ ಸ್ಪರ್ಧೆಯೊಂದಿದೆ. ಹೊತ್ತು ಮುಳುಗುವುದರೊಳಗೆ ಅದನ್ನು ಮುಗಿಸಿದರೆ ದೋಣಿ ವಾಹನ, ಜಾಗ ಭಾವನದು. ಮುಗಿಸದಿದ್ದರೆ ದೋಣಿ ಭಂಗಾರ್, ಜಾಗ ಮೂರನೇ ಮಹಡಿಯವರ ಹೊಸ ಕಾರಿಗೆ.

ಗಾಳಿಗೆ ದೋಣಿ ಒಂದು ಕಡೆ ವಾಲಿದಾಗ ಇನ್ನೊಂದು ಕಡೆ ಕೂರಲು ತೂಕದ ಮನುಷ್ಯ ಬೇಕಾಗುತ್ತದೆ. ಅಕ್ಕನ ಮನೆಯ ಸತ್ಯನಾರಾಯಣ ಪೂಜೆಯ ಊಟದಲ್ಲಿ ಭಾವ ನನ್ನ ಹೊಟ್ಟೆಯನ್ನು ಬಹಳ ಹೊತ್ತು ನೋಡಿದರು. "ನೀನು ಎಂತ ಮಾಡುವುದೂ ಬೇಡ ಮಾರಾಯ. ಸುಮ್ಮನೆ ಕೂತರಾಯ್ತು. ಆಫೀಸಿನಲ್ಲಿ ಕೂತ್ಕೊಳ್ಳುವುದಿಲ್ವಾ, ಹಾಗೆ." ಪಾಯಸ ಬಡಿಸುವ ಹೊತ್ತಿಗೆ ನಾನು ಒಪ್ಪಿಯಾಗಿತ್ತು.

ಹತ್ತಿ ಬಟ್ಟೆ ಹಾಕಬೇಡ, ಸಿಂಥೆಟಿಕ್ಕೇ ಹಾಕು ಎಂದು ಭಾವ ಫೋನಿನಲ್ಲಿ ಹೇಳಿದ್ದರು. ನಾನು ಅದನ್ನು ಗಲ್ಲಾದಲ್ಲಿ ಕೂತವರ ಅಭಿಪ್ರಾಯವೆಂದು ಬದಿಗಿಟ್ಟೆ. ನಮ್ಮ ಮನೆಯಲ್ಲಿ ಹತ್ತಿಯ ಮೇಲೆ ಇರುವಷ್ಟು ನಂಬಿಕೆ ಡಾಕ್ಟರರ ಮೇಲೂ ಇಲ್ಲ. ಸಿಂಥೆಟಿಕ್ ಎಂದರೆ ಬೊಕ್ಕೆ, ಹತ್ತಿ ಎಂದರೆ ಆರೋಗ್ಯ. ಹೆಂಡತಿ ಸುಮತಿ ಹತ್ತಿಯ ಬನಿಯನ್, ಅದರ ಮೇಲೆ ದಪ್ಪ ಹತ್ತಿಯ ಅಂಗಿ, ಅದರ ಮೇಲೆ ಹಿಂದೊಮ್ಮೆ ಶಿಮ್ಲಾ ಪ್ರವಾಸಕ್ಕೆಂದು ಕೊಂಡ ಸ್ವೆಟರು ತೆಗೆದಿಟ್ಟಳು. ಸಾಹಸದ ಕೆಲಸವಾದ್ದರಿಂದ ನಾನೇ ಜೀನ್ಸ್ ಆರಿಸಿಕೊಂಡೆ.

ಜೆಟ್ಟಿಯಲ್ಲಿ ಬೆಳಕು ಹರಿಯುವಾಗ ನಮ್ಮ ಕನ್ನಡ ಸಂಘದವರು ಬ್ಯಾನರು ಹಿಡಿದು ನಿಂತಿದ್ದರು. ಸನ್ಮಾನ ಮಾಡುವುದು ಗೆದ್ದ ಮೇಲೆ ಎಂದು ನಾನು ತಿಳಿದಿದ್ದೆ. ಅಧ್ಯಕ್ಷರು ಸಮಾಧಾನದಿಂದ ವಿವರಿಸಿದರು: "ನೀವು ವಾಪಸ್ ಬರುವಾಗ ಹೊತ್ತಾಗ್ತದೆ, ಜನ ನಿಲ್ಲುವುದಿಲ್ಲ. ಈಗಲೇ ಮುಗಿಸಿಬಿಡುವಾ." ನಮ್ಮಿಬ್ಬರಿಗೂ ಒಂದೊಂದು ಜರಿ ಅಂಚಿನ ಶಾಲು, ಒಂದೊಂದು ಮೈಸೂರು ಪೇಟ, ಒಂದೊಂದು ಬುಟ್ಟಿ ಹಣ್ಣು. ಸನ್ಮಾನದ ಶಾಲು ಎಂಥದೆಂದು ಓದುಗರಿಗೆ ಗೊತ್ತಿದೆ. ಅದು ಹೊದೆಯಲು ಬರುವುದಿಲ್ಲ, ಹಾಸಲು ಬರುವುದಿಲ್ಲ, ನೆಲ ಒರೆಸಿದರೆ ನೀರನ್ನು ಅತ್ತಿತ್ತ ತಳ್ಳುತ್ತದೆಯೇ ಹೊರತು ಹೀರುವುದಿಲ್ಲ. ಕಪಾಟಿನಲ್ಲಿ ಕೆಲವು ಕಾಲ ವಿಶ್ರಾಂತಿ ಪಡೆದು ಮುಂದಿನ ಗಣ್ಯರ ಹೆಗಲಿಗೆ ಹೋಗುತ್ತದೆ. ಅಧ್ಯಕ್ಷರು ಕನ್ನಡಿಗರ ಸಮುದ್ರ ಪರಂಪರೆಯ ಬಗ್ಗೆ ಮಾತಾಡುತ್ತಿರುವಾಗ ಉಳಿದ ದೋಣಿಗಳು ಹೊರಟುಹೋದವು. ಭಾವ ವಂದನಾರ್ಪಣೆಗೆ ಕಾಯದೆ ನನ್ನ ಕೈ ಹಿಡಿದೆಳೆದರು. ಯಾವುದನ್ನೂ ಕೆಳಗಿಡಲು ಸಮಯವಿರಲಿಲ್ಲ. ಸನ್ಮಾನವೆಲ್ಲ ನಮ್ಮೊಂದಿಗೇ ದೋಣಿ ಹತ್ತಿತು.

ಬೆಳಗಿನ ಗಾಳಿ ಬೆನ್ನಿಗಿತ್ತು, ತಣ್ಣಗಿತ್ತು. ಸ್ವೆಟರನ್ನೂ ಸುಮತಿಯನ್ನೂ ಮನಸ್ಸಿನಲ್ಲೇ ಹೊಗಳಿದೆ. ಬಿಸಿಲೇರಿದಂತೆ ಹೊಗಳಿಕೆ ಕಡಿಮೆಯಾಯಿತು. ಸ್ವೆಟರಿನ ಮೇಲೆ ಲೈಫ್ ಜಾಕೆಟ್ ಬಿಗಿದಿತ್ತು, ನೀರಿನ ಮೇಲಿರುವ ತನಕ ಅದನ್ನು ಬಿಚ್ಚುವಂತಿಲ್ಲ ಎಂಬುದು ಸ್ಪರ್ಧೆಯ ನಿಯಮ. ಬಿಚ್ಚಲಾಗದ ಜಾಕೆಟ್ಟಿನ ಒಳಗಿನ ಸ್ವೆಟರನ್ನು ತೆಗೆಯುವ ಉಪಾಯ ನನಗೆ ಹೊಳೆಯಲಿಲ್ಲ. ಒಂದು ತೋಳನ್ನು ಒಳಕ್ಕೆ ಎಳೆದುಕೊಂಡೆ. ಅದು ಅಲ್ಲಿಯೇ ಸಿಕ್ಕಿಕೊಂಡಿತು. ಬಹಳ ದೂರ ಒಂಟಿ ಕೈಯವನಾಗಿ ಪ್ರಯಾಣಿಸಿದೆ. ಮುಚ್ಚಿದ ಪಾತ್ರೆಯಲ್ಲಿ ಇಡ್ಲಿಗೆ ಏನನ್ನಿಸುತ್ತದೆ ಎಂಬುದು ನನಗೆ ತಿಳಿಯಿತು. ಮನೆಯಿಂದ ತಂದಿದ್ದ ಟೊಪ್ಪಿಗಳು ಗಾಳಿಗೆ ಹಾರಿಹೋಗಿದ್ದವು. ನೆತ್ತಿ ಸುಡತೊಡಗಿದಾಗ ಇಬ್ಬರೂ ಮೈಸೂರು ಪೇಟ ಹಾಕಿ, ಹಾರದಂತೆ ಹಣ್ಣಿನ ಬುಟ್ಟಿಯ ದಾರ ಬಿಚ್ಚಿ ಗಲ್ಲದ ಕೆಳಗೆ ಕಟ್ಟಿಕೊಂಡೆವು. ಎದುರಿಗೆ ಬಂದ ದೋಣಿಯೊಂದರ ಮೀನುಗಾರರು ನಮ್ಮನ್ನು ನೋಡಿ, ಏನೆಂದು ತಿಳಿದರೋ, ಕೈಮುಗಿದರು. ಭಾವ ಗಂಭೀರವಾಗಿ ಮರುನಮಸ್ಕಾರ ಮಾಡಿದರು.

ಗುರುತನ್ನು ಸುತ್ತಿ ಹಿಂದಿರುಗುವಾಗ ಸಮುದ್ರದ ಗಾಳಿ ಎದ್ದಿತು. ಅಲೆಗಳು ತಲೆ ಮುರಿದು ನನ್ನ ಮಡಿಲಿಗೆ ಬೀಳತೊಡಗಿದವು. ನನ್ನ ಹತ್ತಿ ಬಟ್ಟೆಗಳು ಎಲ್ಲವನ್ನೂ ಸ್ವೀಕರಿಸಿದವು, ಯಾವುದನ್ನೂ ಹಿಂದಕ್ಕೆ ಕೊಡಲಿಲ್ಲ. ಜೀನ್ಸ್ ಭಾರವಾಯಿತು, ಆಮೇಲೆ ತಣ್ಣಗಾಯಿತು. ಗಾಳಿ ಬೀಸಿದಷ್ಟೂ ಆ ತಂಪು ಎಲುಬಿಗೆ ಇಳಿಯಿತು. ನನ್ನ ಕೈಗೆ ಹಾಯಿಯ ಹಗ್ಗ ಕೊಟ್ಟಿದ್ದರು. ಬೆರಳುಗಳು ಅದನ್ನು ಹಿಡಿದಿವೆಯೋ ಬಿಟ್ಟಿವೆಯೋ ನೋಡಿಯೇ ತಿಳಿಯಬೇಕಾಗಿತ್ತು. ಒಂದು ಸಲ ನೋಡಿದಾಗ ಬಿಟ್ಟಿದ್ದವು. ದೋಣಿ ಅಡ್ಡ ತಿರುಗಿ ವಾಲಿತು, ನಾನು ತಳದ ನೀರಿನಲ್ಲಿ ಹಣ್ಣುಗಳ ನಡುವೆ ಬಿದ್ದಿದ್ದೆ. ಅಲ್ಲಿಂದ ಆಕಾಶ ಬಹಳ ದೊಡ್ಡದಾಗಿ ಕಂಡಿತು. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಸ್ಪರ್ಧೆಯ ರಕ್ಷಣಾ ದೋಣಿ ಹತ್ತಿರ ಬಂತು. ಬಿಟ್ಟುಬಿಡಿ ಅಂಕಲ್, ಹಗ್ಗ ಎಸೆಯುತ್ತೇವೆ, ಎಳೆದುಕೊಂಡು ಹೋಗುತ್ತೇವೆ ಎಂದು ಹಿಂದಿಯಲ್ಲಿ ಕೂಗಿದರು. ಆ ಹಗ್ಗ ಮುಟ್ಟಿದರೆ ಸ್ಪರ್ಧೆ ಮುಗಿಯಿತು, ಪಾರ್ಕಿಂಗೂ ಮುಗಿಯಿತು. ಭಾವ ನನ್ನ ತುಟಿಯನ್ನು ನೋಡಿದರು. ಅದು ನೀಲಿಯಾಗಿತ್ತೆಂದು ಆಮೇಲೆ ಹೇಳಿದರು.

"ನಿನಗೆ ಆಗದಿದ್ದರೆ ಹೇಳು. ಜಾಗ ಹೋದರೆ ಹೋಗ್ಲಿ. ನಿನಗೆ ಏನಾದ್ರೂ ಆದ್ರೆ ನಿನ್ನ ಅಕ್ಕನಿಗೆ ನಾನು ಎಂತ ಹೇಳುವುದು?"

ಒಂದು ಬೈಗುಳ ಬೈದಿದ್ದರೆ ನಾನು ಆ ಕ್ಷಣವೇ ಅವರ ಹಗ್ಗ ಹಿಡಿಯುತ್ತಿದ್ದೆ. ಹೀಗೆ ಕೇಳಿದ ಮೇಲೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಆಗುತ್ತದೆ ಎಂದು ತಲೆಯಾಡಿಸಿದೆ.

ರಕ್ಷಣಾ ದೋಣಿಯವರು ಮುಟ್ಟದೆ ಪಕ್ಕದಲ್ಲಿ ನಿಂತು, ತಾವಿರುವಾಗ ನಾನು ಜಾಕೆಟ್ ಬಿಚ್ಚಬಹುದೆಂದು ಒಪ್ಪಿದರು. ಭಾವ ನನ್ನ ಸ್ವೆಟರು, ಅಂಗಿ, ಬನಿಯನ್, ಜೀನ್ಸ್ ಎಲ್ಲವನ್ನೂ ಹಲಸಿನ ಹಣ್ಣು ಬಿಡಿಸುವ ಹಾಗೆ ಬಿಡಿಸಿದರು. ನೀರಿನಲ್ಲಿ ಬಿದ್ದಿದ್ದ ಶಾಲುಗಳನ್ನು ಎತ್ತಿ ಒಂದು ಸಲ ಕೊಡವಿದರು. ನೀರೆಲ್ಲ ಹಾರಿಹೋಗಿ ಶಾಲು ಒಣಗಿಯೇ ಬಿಟ್ಟಿತು. ಒಂದನ್ನು ನನ್ನ ಮೈಗೆ ಸುತ್ತಿದರು, ತಮ್ಮ ಪಾಲಿನದನ್ನು ಪಂಚೆಯಂತೆ ನನ್ನ ಸೊಂಟಕ್ಕೆ ಕಟ್ಟಿದರು, ಮೇಲೆ ಜಾಕೆಟ್ ಬಿಗಿದರು. ಮತ್ತೆ ಅಲೆ ಬಂತು. ಶಾಲು ಅದನ್ನು ಎಂದಿನಂತೆ ಅತ್ತ ತಳ್ಳಿತು. ಸ್ವಲ್ಪ ಹೊತ್ತಿಗೆ ನನ್ನ ಬೆರಳುಗಳು ನನಗೆ ಹಿಂದಿರುಗಿದವು, ಹಾಯಿಯ ಹಗ್ಗವೂ ಮತ್ತೆ ಕೈಗೆ ಬಂತು. ಸೂರ್ಯನ ಕೊನೆಯ ಚೂರು ಉಳಿದಿರುವಾಗ ಜೆಟ್ಟಿ ಮುಟ್ಟಿದೆವು. ಅಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಒಬ್ಬಾತ ಸೀಟಿ ಊದಿ, ಮುಗಿಯಿತು ಎಂದು ಕೈಯೆತ್ತಿದ. ಗೆದ್ದವರ ಹೆಸರನ್ನು ಮಾತ್ರ ಪ್ರಕಟಿಸುತ್ತಾರಂತೆ. ಪುರಾವೆಗೆ, ಜೆಟ್ಟಿಯಲ್ಲಿ ಕಾಯುತ್ತಿದ್ದ ಅಕ್ಕ ಮೊಬೈಲಿನಲ್ಲಿ ಫೋಟೊ ತೆಗೆದಳು. ತಮ್ಮನ ಮುಖ ಸರಿಯಾಗಿ ಬರಲಿ ಎಂದು ನನ್ನ ಜಾಕೆಟ್ ತೆಗೆಸಿ, ಬಹಳ ಹತ್ತಿರದಿಂದ ತೆಗೆದಳು. ದೋಣಿ ಅದರಲ್ಲಿ ಬರಲಿಲ್ಲ.

ರಾತ್ರಿ ನಾನು ಅಕ್ಕನ ಮನೆಯಲ್ಲೇ ಉಳಿದೆ. ಮರುದಿನ ಸೆಕ್ರೆಟರಿ ಕಾಕಾ ಅಲ್ಲಿಗೆ ಬಂದು ಫೋಟೊ ನೋಡಿದರು. ಪೇಟ, ಜರಿ ಶಾಲು, ಪಂಚೆ, ಕೈಯಲ್ಲಿ ಉಳಿದ ಒಂದು ಸೇಬು. ಇದು ಯಾವುದೋ ಸತ್ಕಾರ ಸಮಾರಂಭದ ಫೋಟೊ, ರೇಸು ಎಲ್ಲಿದೆ ಎಂದು ಮರಾಠಿಯಲ್ಲಿ ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಭಾವ ನನ್ನನ್ನು ಕಿಟಕಿಯ ಬೆಳಕಿಗೆ ದಬ್ಬಿದರು. ಪೇಟದ ಅಂಚಿದ್ದ ಕಡೆಯಿಂದ ಮೇಲೆ ನನ್ನ ಹಣೆ ಮೊದಲಿನಂತೆ ಇತ್ತು, ಅಲ್ಲಿಂದ ಕೆಳಗೆ ಮುಖ ಕಪ್ಪಾಗಿತ್ತು, ಗಲ್ಲದಲ್ಲಿ ದಾರದ ಬಿಳಿ ಗೆರೆ. ಕಾಕಾ ಕನ್ನಡಕ ಹಾಕಿಕೊಂಡು ಹತ್ತಿರದಿಂದ ಪರೀಕ್ಷಿಸಿ, "ಹಾಲ್ ಮೇಂ ಐಸಾ ನಹೀಂ ಹೋತಾ," ಎಂದು, ಸಭಾಂಗಣದಲ್ಲಿ ಕೂತವನ ಮುಖ ಹೀಗಾಗುವುದಿಲ್ಲವೆಂದು ಒಪ್ಪಿದರು. ಆದರೆ ಒಪ್ಪಬೇಕಾದವರು ತಾವೊಬ್ಬರೇ ಅಲ್ಲ, ಮುಂದಿನ ಸಭೆಯಲ್ಲಿ ಎಲ್ಲ ಸದಸ್ಯರೂ ಈ ಮುಖವನ್ನು ನೋಡಬೇಕು ಎಂದರು.

ಸಭೆ ಎರಡು ಸಲ ಮುಂದೆ ಹೋಗಿದೆ. ಸುಮತಿ ಕಡಲೆಹಿಟ್ಟು ಮೊಸರು ಕಲಸಿ ನನ್ನ ಮುಖಕ್ಕೆ ಹಚ್ಚಲು ಕಾಯುತ್ತಿದ್ದಾಳೆ. ಭಾವ ದಿನಾ ಫೋನು ಮಾಡಿ ಬಣ್ಣ ಹೇಗುಂಟು ಎಂದು ಕೇಳುತ್ತಾರೆ. ಬಣ್ಣ ತಿಳಿಯಾಗುತ್ತಿದೆ. ಹಾಗಾಗಿ ಮಧ್ಯಾಹ್ನದ ಡಬ್ಬಿ ಮುಗಿಸಿದ ಮೇಲೆ ನಾನು ಆಫೀಸಿನ ತಾರಸಿಗೆ ಹೋಗಿ, ಮೈಸೂರು ಪೇಟ ಧರಿಸಿ, ಗಲ್ಲದ ದಾರ ಹಳೆಯ ಗೆರೆಯ ಮೇಲೇ ಬರುವಂತೆ ಕಟ್ಟಿಕೊಂಡು ಬಿಸಿಲಿನಲ್ಲಿ ಕೂರುತ್ತೇನೆ. ಸಹೋದ್ಯೋಗಿಗಳು ಇದೇನು ಎಂದು ಕೇಳಿದಾಗ, ಪಾರ್ಕಿಂಗ್ ಜಾಗಕ್ಕಾಗಿ ಎಂದು ಇದ್ದದ್ದನ್ನೇ ಹೇಳುತ್ತೇನೆ. ಯಾವ ಕಾರು ತಗೊಂಡ್ರಿ ಎಂದು ಅವರು ಕೇಳುತ್ತಾರೆ.