ನೆಲಮಾಳಿಗೆಯಲ್ಲಿ ಹೊಳೆದ ರಕ್ತ

ಹೆದರಿಕೆ ಮೊದಲು, ನಗು ಆಮೇಲೆ. ನಮ್ಮ ಲ್ಯಾಬಿನಲ್ಲಿ ಯಾವಾಗಲೂ ಹಾಗೇ. ಹಾಸನದ ಹಳೇ ಕಟ್ಟಡವೊಂದರ ನೆಲಮಾಳಿಗೆ ಅದು; ಮಟಮಟ ಮಧ್ಯಾಹ್ನವೂ ಲೈಟ್ ಹಾಕಬೇಕು. ನಾನು ಅಲ್ಲಿ ಟೆಕ್ನಿಷಿಯನ್. ರಕ್ತಕ್ಕೆ ಆ್ಯಂಟಿಬಾಡಿ ಅನ್ನೋ ಬಣ್ಣದ ಔಷಧಿ ಹಾಕಿ, ಲೇಸರ್ ಮೆಷೀನಿನೊಳಗೆ ಹಾಯಿಸಿದರೆ ಕೆಲವು ಜೀವಕೋಶಗಳು ಹೊಳೆಯುತ್ತವೆ. ಯಾವುವು ಹೊಳೆದವು ಅಂತ ನೋಡಿ ರಕ್ತದ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳಬೇಕು.

ಯಾರಿಗೆ ಮಾಡ್ತಿರೋದು?

ಒಂದು ವಾರ ಬಣ್ಣ ಮಂಕಾಗಿಯೇ ಬಂತು. "ಬೆಳಕು ಬಿದ್ದು ಬಣ್ಣ ಮಾಸ್ತಿದೆ" ಅಂತ ನಮ್ಮ ಡಾಕ್ಟರ್ ಮೇಡಂ ಲೈಟೆಲ್ಲ ಆಫ್ ಮಾಡಿಸಿದರು, ಬಾಗಿಲ ಸಂದಿಗೆ ಕರೀ ಬಟ್ಟೆ ತುರುಕಿಸಿದರು. ರಕ್ತದ ಟ್ಯೂಬುಗಳನ್ನ ಐಸಿನಲ್ಲಿಟ್ಟು ಮೇಡಂ, ಅಟೆಂಡರ್, ನಾನು ಮೂವರೂ ಸುತ್ತ ಕೂತೆವು. ಮೆಷೀನಿನ ಕೆಂಪು ದೀಪವೊಂದೇ ಬೆಳಕು.

ಬಾಗಿಲು ಕಿರ್ ಅಂತು. ಹೊಳೆನರಸೀಪುರದಿಂದ ಬರುವ ಕಸ ಗುಡಿಸುವಾಕೆ ಪೊರಕೆ ಹಿಡಿದು ಹಾಗೇ ನಿಂತುಬಿಟ್ಟಳು.

"ಯಾರಿಗ್ ಸಾ ಮಾಡ್ತಿರಾದು?"

"ಅರಕಲಗೂಡಿನ ಒಬ್ಬ ಯಜಮಾನರಿಗೆ" ಅಂದೆ, ಇದ್ದದ್ದನ್ನೇ.

ಆಕೆ ಮೆಲ್ಲಗೆ ಬಂದು ಕಿವಿಯಲ್ಲಿ ಅಂದಳು: "ನಮ್ ವಾರಗಿತ್ತಿಗೂ ಒಂದ್ ಮಾಡಾಕ್ಬುಡಿ ಸಾ."

ಏನೂ ಹಾಕದ ಟ್ಯೂಬು

ಪ್ರತಿ ಸಲ ಒಂದು ಟ್ಯೂಬಿಗೆ ಬಣ್ಣ ಹಾಕದೆ ಬಿಡುತ್ತೇವೆ. ಅದು ಕತ್ತಲಾಗೇ ಇರಬೇಕು. ಮಿಕ್ಕಿದ್ದನ್ನ ಅದರ ಜೊತೆ ಹೋಲಿಸೋದು. ಒಂದು ಸೋಮವಾರ ಅದೇ ಟ್ಯೂಬು ಪರದೆ ಮೇಲೆ ಧಗಧಗ ಹೊಳೆಯಿತು. ಮೆಷೀನ್ ತೊಳೆದೆವು, ಹೊಸ ಬಾಟಲಿ ಒಡೆದೆವು, ಹೊಸ ರಕ್ತ ತಂದೆವು. ಮಂಗಳವಾರವೂ ಹೊಳೆಯಿತು. ಬುಧವಾರ ನನಗೆ ಆ ಟ್ಯೂಬು ಮುಟ್ಟೋಕೇ ಕೈ ಬರಲಿಲ್ಲ. ಸೈನ್ಸ್ ಓದಿದ ಮೇಡಂ ಕೂಡ ಮೆಷೀನಿಗೆ ಕುಂಕುಮ ಇಟ್ಟರು.

ಇದನ್ನ ನೋಡಿ, ರಿಟೈರಾಗೋಕೆ ಎರಡು ತಿಂಗಳಿದ್ದ ನಮ್ಮ ಅಟೆಂಡರ್ ಬಾಯಿಬಿಟ್ಟರು. "ದಿನಾ ಅದೊಂದನ್ನ ಮರ್ತ್‌ಬುಡ್ತೀರಲ್ಲ ಮೇಡಂ. ನೀವು ಊಟಕ್ಕೋದಾಗ ನಾನೇ ಎರಡ್ ತೊಟ್ಟು ಆಕ್ತಿವ್ನಿ. ಯೋಳಿದ್ರೆ ಎಲ್ಲಿ ಬೇಜಾರ್ ಮಾಡ್ಕತೀರೋ ಅಂತ ಸುಮ್ನಿದ್ದೆ."

ಬಾಡಿ ಎಲ್ಲಿ ಸಾ?

ಬಾಗೂರಿನ ರೈತರೊಬ್ಬರು ಚನ್ನರಾಯಪಟ್ಟಣದಲ್ಲಿ ರಕ್ತ ಕೊಟ್ಟಿದ್ದರು. ಅದು ಬಸ್ಸಿನ ಇಂಜಿನ್ ಪಕ್ಕದಲ್ಲೇ ಕೂತು ಹಾಸನಕ್ಕೆ ಬಂತು. ಬಣ್ಣ ಹಾಕಿದರೆ ಎಲ್ಲ ಕೋಶಗಳೂ ಎಲ್ಲ ಬಣ್ಣದಲ್ಲೂ ಹೊಳೆದವು. ಬಿಸಿಗೆ ಸತ್ತಿದ್ದವು, ಸತ್ತ ಕೋಶ ಸಿಕ್ಕ ಬಣ್ಣವನ್ನೆಲ್ಲ ಹೀರಿಕೊಳ್ಳುತ್ತದೆ. ಫಾರಂನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಬಾಮೈದ.

"ಆ್ಯಂಟಿಬಾಡಿ ಹಾಕಿ ನೋಡಿದ್ವಿ. ಎಲ್ಲಾ ಸತ್ತೋಗಿವೆ. ನಾಳೆ ಬನ್ನಿ."

ಸಿಗ್ನಲ್ ಸರಿಯಿರಲಿಲ್ಲ. ಆ ಕಡೆ "ಅಯ್ಯೋ" ಅಂದದ್ದು ಕೇಳಿಸಿತು, ಕಟ್ಟಾಯಿತು.

ಮಾರನೇ ದಿನ ಬೆಳಿಗ್ಗೆ ಎಂಟು ಜನ ಮೆಟ್ಟಿಲಿಳಿದು ಬಂದರು. ಮುಂದೆ ಬಾಮೈದ, ಕೈಯಲ್ಲಿ ಸೇವಂತಿಗೆ ಹಾರ.

"ಬಾಡಿ ಎಲ್ಲಿ ಸಾ?"

ನಾನು ಫಾರಂ ಹುಡುಕಿ ತೆಗೆಯುವಷ್ಟರಲ್ಲಿ ಅವರ ಹಿಂದೆ, ಮೆಟ್ಟಿಲ ಕತ್ತಲಿಂದ, ಬಿಳಿ ಪಂಚೆಯ ಒಬ್ಬರು ನಿಧಾನವಾಗಿ ಇಳಿದರು. ಪಂಪ್‌ಸೆಟ್ ರಿಪೇರಿಗೆ ಅಂತ ಹಿಂದಿನ ದಿನವೇ ಹಾಸನಕ್ಕೆ ಬಂದು, ಫೋನ್ ಚಾರ್ಜ್ ಮುಗಿದು, ಹಾಗೇ ರಿಪೋರ್ಟ್ ಕೇಳೋಣ ಅಂತ ಬಂದಿದ್ದ ಆ ರೈತರೇ!

ಮುದುಕಿಯೊಬ್ಬಳು ಬಗ್ಗಿ ಅವರ ಪಾದ ನೆಟ್ಟಗಿದೆಯಾ ಅಂತ ನೋಡಿದಳು.

"ಏನ್ಲಾ, ಎಲ್ಲಾ ಇಲ್ಲೇ ಇದೀರಿ? ಆರ ಯಾರ್ಗ್ಲಾ?" ಅಂದರು ಅವರು.

ಬಾಮೈದ ಹಾರ ನೋಡಿದ, ಭಾವನ್ನ ನೋಡಿದ, ಸುತ್ತ ನೋಡಿದ. ಸೀದಾ ಬಂದು ಹಾರವನ್ನ ನನ್ನ ಕೊರಳಿಗೆ ಹಾಕಿ ಕೈ ಮುಗಿದ.

"ಇವ್ರಿಗೆ ಕಣ್ ಭಾವ, ಸನ್ಮಾನ."