ಎಕ್ಕಂಬಿ ದಾರಿಯ ಅಳತೆ

ಪ್ರಮೋದನ ಬೂಟು ಕಂಡರೆ ವಕೀಲೆ ತನುಜಾ ನಾಯ್ಕರಿಗೆ ಹೊಟ್ಟೆ ಉರಿಯುತ್ತಿತ್ತು. ಬೂಟು ಚೆನ್ನಾಗಿತ್ತೆಂದಲ್ಲ, ಅದಕ್ಕೆ ಸದಾ ಊರೂರಿನ ಮಣ್ಣು ಮೆತ್ತಿರುತ್ತಿತ್ತು ಎಂದು. ಜಮೀನಿನ ತಕರಾರು ಬಂದಾಗ ಸ್ಥಳಕ್ಕೆ ಹೋಗಿ, ಅಳೆದು, ವರದಿ ಕೊಡಲು ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಎಂದು ನೇಮಿಸುತ್ತದೆ. ಶಿರಸಿಯಲ್ಲಿ ಆ ಒಬ್ಬ ವಕೀಲ ಎಂದರೆ ಪ್ರಮೋದ. ತನುಜಾಗಿಂತ ಆರು ವರ್ಷ ಚಿಕ್ಕವನು, ಆಗಲೇ ಇಪ್ಪತ್ಮೂರು ಸಲ ಹೋಗಿಬಂದಿದ್ದ. ತನುಜಾ ಲೆಕ್ಕ ಇಟ್ಟಿದ್ದರು. ಅವರದು ಸೊನ್ನೆ.

"ಕಾಡು, ಗುಡ್ಡ, ರಕ್ತ ಹೀರುವ ಇಂಬಳ. ಹೆಣ್ಣುಮಕ್ಕಳಿಗೆ ಎಂತಕ್ಕೆ ತ್ರಾಸು?" ಎಂದು ಹಿರಿಯ ವಕೀಲ ಚಂದ್ರಶೇಖರಪ್ಪನವರು ಬಹಳ ಕಾಳಜಿಯಿಂದ ಹೇಳುತ್ತಿದ್ದರು. ಹೀಗಾಗಿ ತನುಜಾ ಪಾಲಿಗೆ ಬರುತ್ತಿದ್ದದ್ದು ಗಂಡ-ಹೆಂಡಿರ ಜಗಳ ಮಾತ್ರ. ಬೆಳಗಿನಿಂದ ಸಂಜೆಯವರೆಗೆ ಕಣ್ಣೀರು, ಅತ್ತೆ, ತವರಿನ ಪಾತ್ರೆಪಗಡೆ.

ಆ ವಾರ ಪ್ರಮೋದ ಭಾವಮೈದುನನ ಮದುವೆಗೆ ಹೋಗಿದ್ದ. ಕೋರ್ಟಿನಲ್ಲಿ ಎಕ್ಕಂಬಿಯ ದಾರಿ ದಾವೆಯನ್ನು ಮರು ಅಳತೆಗೆಂದು ಕೂಗಿದಾಗ ತನುಜಾ ಎದ್ದು ನಿಂತೇಬಿಟ್ಟರು.

"ಸ್ವಾಮಿ, ನನಗೂ ಎರಡು ಕಾಲಿದೆ."

ನ್ಯಾಯಾಧೀಶರು ನಕ್ಕರು. "ಹೋಗಿಬನ್ನಿ. ವರದಿ ಚೆನ್ನಾಗಿ ಬಂದರೆ ದೊಡ್ಮನೆ ಊರಿನ ದೊಡ್ಡ ಜಮೀನು ದಾವೆಗೂ ನಿಮ್ಮನ್ನೇ ಕಳಿಸೋಣ" ಎಂದರು.

ದೊಡ್ಮನೆ ದಾವೆ! ಪ್ರಮೋದ ಆರು ತಿಂಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದ. ತನುಜಾಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಪ್ರಮೋದನ ವರದಿ ಯಾವತ್ತೂ ನಾಲ್ಕು ಪುಟ ದಾಟಿದ್ದಿಲ್ಲ. ತಾನು ಬಣ್ಣದ ನಕಾಶೆ ಹಚ್ಚಿ ನಲವತ್ತು ಪುಟ ಬರೆಯಬೇಕು. ಅದನ್ನು ಓದಿ ಅವನು ಒಂದು ವಾರ ಊಟ ಬಿಡಬೇಕು.

ಬೆಳಿಗ್ಗೆ ಹೊರಡುವಾಗ ಒಬ್ಬರು ಇಂಬಳಕ್ಕೆಂದು ಉಪ್ಪಿನ ಪೊಟ್ಟಣ ಕೊಟ್ಟರು, ಇನ್ನೊಬ್ಬರು ಸುಣ್ಣ ಕೊಟ್ಟರು, ಚಂದ್ರಶೇಖರಪ್ಪನವರು ನಾಯಿಗೆಂದು ಕೋಲು ಕೊಟ್ಟರು. ತನುಜಾ ಯುದ್ಧಕ್ಕೆ ಹೊರಟವರಂತೆ ಎಕ್ಕಂಬಿಯಲ್ಲಿ ಬಸ್ಸಿಳಿದರು.

ದಾವೆ ಹೂಡಿದ ಸಂಗಯ್ಯ ಕೈಮುಗಿದು ಅವರ ಬೆನ್ನ ಹಿಂದೆ ಇಣುಕಿದ.

"ಬರ್ರಿ. ಕಮಿಷನರ್ ಸಾಹೇಬ್ರು ಎಲ್ಲಿ ಅದಾರ್ರಿ?"

"ನಾನೇ."

"ಅಲ್ರಿ, ಅಳತಿ ಮಾಡಾವ್ರು?"

"ಅದೂ ನಾನೇ."

ಸಂಗಯ್ಯನ ಮನೆಗೂ ಪಕ್ಕದ ಶಿವಪುತ್ರಪ್ಪನ ಮನೆಗೂ ನಡುವೆ ಬಾವಿಗೆ ಹೋಗುವ ಒಂದು ದಾರಿ. ಅದು ಎಂಟು ಅಡಿ ಅಗಲ ಎಂದು ಸಂಗಯ್ಯ, ಮೂರೇ ಅಡಿ ಎಂದು ಶಿವಪುತ್ರಪ್ಪ. ಹನ್ನೊಂದು ವರ್ಷದಿಂದ ದಾವೆ ನಡೆದಿತ್ತು, ಇಬ್ಬರಿಗೂ ಮಾತಿರಲಿಲ್ಲ. ತನುಜಾ ಟೇಪಿನ ಒಂದು ತುದಿ ಅವನ ಕೈಗೆ, ಇನ್ನೊಂದು ಇವನ ಕೈಗೆ ಕೊಟ್ಟರು. ಇಬ್ಬರೂ ತಮ್ಮತಮ್ಮ ಕಡೆಗೆ ಜಗ್ಗಿದ್ದೇ ಟೇಪು ನಡುವೆ ಕಿತ್ತುಹೋಯಿತು. ಹೋಗಲಿ, ಹೆಜ್ಜೆಯಲ್ಲಾದರೂ ಅಳೆಯೋಣವೆಂದು ದಾರಿಗೆ ನುಗ್ಗಿದರೆ ಆಳೆತ್ತರದ ಮುಳ್ಳುಕಂಟಿ. ಕಪ್ಪು ಕೋಟು ಎರಡೂ ಕಡೆ ಸಿಕ್ಕಿಕೊಂಡಿತು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ.

ಎರಡೂ ಮನೆಯ ಹೆಂಗಸರು ಕತ್ತಿ ಹಿಡಿದು ಓಡಿಬಂದರು. ಸಂಗಯ್ಯನ ಹೆಂಡತಿ ಪಾರ್ವತವ್ವ ಮುಳ್ಳು ಬಿಡಿಸುತ್ತ ಕೇಳಿದಳು, "ಇದರಾಗ ಯಾಕ ಹೊಕ್ಕೀರಿ ಅಕ್ಕಾರ? ಇಲ್ಲಿ ಯಾರೂ ಅಡ್ಡಾಡಂಗಿಲ್ಲ."

"ಮತ್ತೆ ಬಾವಿಗೆ?"

"ಹಿತ್ತಲಾಗ ದಾರಿ ಐತೆಲ್ಲ. ನಾನೂ ಬಾಜೂ ಮನಿ ಸೊಸಿ ಶಿವರಂಜನೀನೂ ದಿನಾ ಅಲ್ಲೇ ಅಡ್ಡಾಡತೀವಿ."

ಸಂಗಯ್ಯನ ಮುಖ ಕಪ್ಪಿಟ್ಟಿತು. "ಅವರ ಹಿತ್ತಲಾಗ?"

"ಹೂಂ. ಬೆರಳು ನೆಕ್ಕಿ ತಿಂತೀರಲ್ಲ ಕೆಂಪಚಟ್ನಿ, ಅದು ಎಲ್ಲಿಂದ ಬರತೈತಿ ಅಂತ ತಿಳಕೊಂಡೀರಿ?"

"ಕೋರ್ಟಿಗೆ ಇದನ್ನ ಯಾಕೆ ಯಾರೂ ಹೇಳಲಿಲ್ಲ?" ಎಂದರು ತನುಜಾ.

"ನಮ್ಮನ್ನ ಯಾರು ಕೇಳ್ಯಾರ್ರಿ?" ಎಂದಳು ಶಿವರಂಜನಿ. "ಹಿಂದ ಪ್ರಮೋದ ಸಾಹೇಬ್ರು ಬಂದಾಗ ಚಾ ಮಾಡ್ರಿ ಅಂದಿದ್ರು. ಮಾಡಿದ್ವಿ."

ಸಂಗಯ್ಯ ತನ್ನ ಕಟ್ಟೆಯ ಮೇಲೆ ಕುಸಿದ. ಶಿವಪುತ್ರಪ್ಪ ಎದುರಿನ ಕಟ್ಟೆಯ ಮೇಲೆ ಕೂತ. ಆಮೇಲೆ ಶಿವಪುತ್ರಪ್ಪ ನೆಲ ನೋಡುತ್ತಲೇ ಕೇಳಿದ, "ಸಂಗಯ್ಯನವರ, ಚಟ್ನಿಗೆ ಉಪ್ಪು ಸರಿ ಇರತೈತೇನ್ರಿ?"

ಸಂಗಯ್ಯ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. "ಸಾಕ್ರಿ ಈ ಕೋರ್ಟು ಕಚೇರಿ. ಇವತ್ತ ರಾಜಿ ಆಗಿ ಬಿಡೂಣು" ಎಂದ ಸಂಗಯ್ಯ.

ತನುಜಾ ಇಬ್ಬರ ನಡುವೆ ಹೋಗಿ ನಿಂತರು. ರಾಜಿಯಾದರೆ ವರದಿ ಇಲ್ಲ. ವರದಿ ಇಲ್ಲದಿದ್ದರೆ ದೊಡ್ಮನೆ ಇಲ್ಲ.

"ರಾಜಿ ಆಮೇಲೆ ಮಾಡಿಕೊಳ್ಳಿ ಮಾರಾಯ್ರೆ, ಮೊದಲು ಅಳತೆ ಆಗಲಿ. ಸಂಗಯ್ಯನವರೆ, ಎಂಟು ಅಡಿ ಅಂದವರು ಹೀಗೆ ಸುಮ್ಮನೆ ಬಿಟ್ಟುಕೊಡೋದಾ? ಶಿವಪುತ್ರಪ್ಪನವರೆ, ನೀವು ಮೂರೇ ಅಡಿ ಅಂತ ಪ್ರಮಾಣ ಮಾಡಿದ್ರಿ. ಎಂತಾಯ್ತು ಈಗ ನಿಮಗೆ?"

ಹೀಗೆ ಜಗಳ ಹಚ್ಚುವ ಕೆಲಸವನ್ನು ತನುಜಾ ಜನ್ಮದಲ್ಲಿ ಮಾಡಿದವರಲ್ಲ. ಅದು ಅವರ ಕೈಗೆ ಹತ್ತಲೂ ಇಲ್ಲ.

"ನೋಡ್ರಿ, ಎಷ್ಟು ಶಾಣ್ಯಾ ಅದಾರ" ಎಂದಳು ಪಾರ್ವತವ್ವ. "ಹಿಂಗ ಕೆಣಕಿದ್ರ ನಾಚಿಕಿ ಬಂದು ಇವರು ಲಗೂ ಒಂದಾಗತಾರ ಅಂತ."

ಊಟ ಮುಗಿಸಿ ಎರಡೂ ಮನೆಯವರು ಒಂದೇ ಟೆಂಪೋ ಹತ್ತಿದರು. ಹರಿದ ಕೋಟಿನ ತನುಜಾರನ್ನು ನಡುವೆ ಕೂರಿಸಿಕೊಂಡು, ನಾಲ್ಕು ಗಂಟೆಯೊಳಗೆ ಕೋರ್ಟು ಮುಟ್ಟಿ, ರಾಜಿ ಅರ್ಜಿಗೆ ಸಹಿ ಹಾಕಿದರು. ಸಂಗಯ್ಯನ ವಕೀಲರು ಚಂದ್ರಶೇಖರಪ್ಪನವರೇ. ಹನ್ನೊಂದು ವರ್ಷ ಹಾಲು ಕರೆದ ಎಮ್ಮೆಯನ್ನು ಕಣ್ಣೆದುರೇ ಯಾರೋ ಹೊಡೆದುಕೊಂಡು ಹೋದಂತಿತ್ತು ಅವರ ಮುಖ.

ನ್ಯಾಯಾಧೀಶರಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. "ಹನ್ನೊಂದು ವರ್ಷದ ದಾವೆ, ಒಂದೇ ದಿನದಲ್ಲಿ!"

"ಸ್ವಾಮಿ, ಹಾಗಾದರೆ ದೊಡ್ಮನೆ ದಾವೆ..." ತನುಜಾ ಧೈರ್ಯ ಮಾಡಿದರು.

"ಅದಕ್ಕೆ ಪ್ರಮೋದ ಇದ್ದಾರಲ್ಲ. ಟೇಪು ಯಾರು ಬೇಕಾದರೂ ಹಿಡಿದಾರು, ನಿಮ್ಮಂಥವರನ್ನು ಅದಕ್ಕೆ ಹಾಳುಮಾಡಬಾರದು. ಸಂಧಾನಕ್ಕೆ ಹೋಗುವ ಗಂಡ-ಹೆಂಡಿರ ಪ್ರಕರಣ ಎಲ್ಲ ಇನ್ನು ನಿಮಗೇ. ಸಿದ್ದಾಪುರ, ಯಲ್ಲಾಪುರದ್ದನ್ನೂ ನಿಮ್ಮ ಹತ್ತಿರವೇ ಕಳಿಸಲಿ ಅಂತ ಬರೆಯುತ್ತೇನೆ."

ಮೊದಲು ಚಪ್ಪಾಳೆ ತಟ್ಟಿದವರು ಚಂದ್ರಶೇಖರಪ್ಪನವರು. ಇನ್ನು ಈಕೆ ಯಾವ ಜಮೀನಿನ ದಾವೆಯ ಹತ್ತಿರವೂ ಸುಳಿಯುವುದಿಲ್ಲ ಎಂಬ ಸಮಾಧಾನ ಆ ಚಪ್ಪಾಳೆಯಲ್ಲಿ ಚೆನ್ನಾಗಿ ಕೇಳುತ್ತಿತ್ತು.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಪ್ರಮೋದ, ಮದುವೆ ಮನೆಯಿಂದ ಸೀದಾ ಬಂದವನು. ಸುದ್ದಿಯೆಲ್ಲ ಅವನಿಗೆ ಮೊಬೈಲಿನಲ್ಲೇ ಮುಟ್ಟಿತ್ತು.

"ನಿಜ ಹೇಳ್ತೇನೆ ಮೇಡಂ, ನಿಮ್ಮ ಮೇಲೆ ಹೊಟ್ಟೆಕಿಚ್ಚು ಬಂತು" ಎಂದ. "ನಾನು ನಾಳೆ ದೊಡ್ಮನೆ ಗುಡ್ಡ ಹತ್ತಬೇಕು. ನಿಮಗೆ ಫ್ಯಾನಿನ ಕೆಳಗೆ ಕುರ್ಚಿ."

ಅವನ ಬಾಯಿಂದ ಈ ಮಾತು ಕೇಳಬೇಕೆಂದು ತನುಜಾ ವರ್ಷಗಟ್ಟಲೆ ಹಂಬಲಿಸಿದ್ದರು. ಈಗ ಹರಿದ ಕೋಟು ಸರಿಮಾಡಿಕೊಂಡು ಸಂಧಾನದ ಕೋಣೆಗೆ ನಡೆದರು. ಅವರ ಪಾಲಿನ ಮೊದಲ ಜೋಡಿ ಆಗಲೇ ಬಂದು ಕೂತು, ಕುಕ್ಕರು ಯಾರದೆಂದು ಜಗಳ ತೆಗೆದಿತ್ತು.