ಬಾಯಿಗೆ ಬಿದ್ದ ಬೆಳಕು

ಬೆಳಕು ಹೆಚ್ಚಾಗಿ ನಾಲಗೆ ಸುಡಬಹುದಿತ್ತು. ನಡುವೆ ಕರೆಂಟು ಹೋಗಿ, ಅರ್ಧ ಕಲೆ ಗುಣವಾಗಿ ಇನ್ನರ್ಧ ಹಾಗೇ ಉಳಿಯಬಹುದಿತ್ತು. ತೆರೆದ ದವಡೆ ಹಾಗೇ ಸಿಕ್ಕಿಕೊಂಡು, ಧಾರವಾಡದಿಂದ ಹಳಿಯಾಳದವರೆಗೆ ಬಾಯಿ ಬಿಟ್ಟುಕೊಂಡೇ ಬರಬೇಕಾಗಬಹುದಿತ್ತು. ಕೆನ್ನೆಯೊಳಗೆ ಹಚ್ಚಿದ ಔಷಧವನ್ನು ಮೂವತ್ತು ವರ್ಷದ ರೂಢಿಯಂತೆ ನಾನು ಕಿಟಕಿಯಾಚೆ ಉಗಿದುಬಿಡಬಹುದಿತ್ತು. ಇವನ್ನೆಲ್ಲ ಬಾಯಿಗೆ ಬೆಳಕು ಬಿಡುವ ಚಿಕಿತ್ಸೆಗೆ ಹೋಗುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಕೆಲವರು ದೇವರ ನಾಮ ಬರೆಯುತ್ತಾರೆ. ನಾನು ಆಗಬಾರದ್ದನ್ನು ಬರೆಯುತ್ತೇನೆ. ಬರೆದಿಟ್ಟದ್ದು ಆಗುವುದಿಲ್ಲ ಎಂಬುದು ನನ್ನ ನಂಬಿಕೆ.

ನಾನು ಹಳಿಯಾಳ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಬಸ್ಸು ತಡವಾದಾಗಲೆಲ್ಲ ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕಿ, ಎಡಗೆನ್ನೆಯೊಳಗೆ ಇಟ್ಟು, ದುಂಡನೆಯ ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕುತ್ತಿದ್ದೆ. ನಮ್ಮ ನಿಲ್ದಾಣದಲ್ಲಿ ವೇಳೆಗೆ ಸರಿಯಾಗಿ ನಡೆಯುತ್ತಿದ್ದುದು ಅದೊಂದೇ. ಹಲ್ಲುನೋವೆಂದು ಧಾರವಾಡದ ಆಸ್ಪತ್ರೆಗೆ ಹೋದಾಗ ಆ ಕೆನ್ನೆಯೊಳಗೆ ಬಿಳಿಯ ಕಲೆಯೊಂದು ಸಿಕ್ಕಿತು. ಡಾಕ್ಟರಮ್ಮ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವ ಆ ಒಂದು ವಾರದಲ್ಲಿ ನನ್ನ ಕೊಡೆ, ರೇಡಿಯೊ, ಉಣ್ಣೆಯ ಟೋಪಿ ಯಾರ್ಯಾರಿಗೆಂದು ಮನಸ್ಸಿನಲ್ಲೇ ಹಂಚಿ ಮುಗಿಸಿದ್ದೆ. ಟೋಪಿಯ ವಿಷಯದಲ್ಲಿ ಸ್ವಲ್ಪ ಅಳುವೂ ಬಂದಿತ್ತು.

ಡಾಕ್ಟರಮ್ಮ ನನಗೆ ತಿಳಿಯುವ ಭಾಷೆಯಲ್ಲೇ ಹೇಳಿದರು: “ಕ್ಯಾನ್ಸರ್ ಅಲ್ರೀ. ಆದ್ರ ನೀವು ಆ ಬಸ್ ಹತ್ತಿ ಕೂತೀರಿ. ಅದಿನ್ನೂ ಬಿಟ್ಟಿಲ್ಲ. ಈಗ ಇಳದಬಿಡ್ರಿ.”

ನನ್ನ ಹೆಂಡತಿ ಕಸ್ತೂರಿ ಅಲ್ಲೇ ನನ್ನ ಜೇಬಿಗೆ ಕೈಹಾಕಿ, ಡಬ್ಬಿ ತೆಗೆದು, ಅವರ ಮೇಜಿನ ಕೆಳಗಿದ್ದ ಕಸದ ಬುಟ್ಟಿಗೆ ಎಸೆದಳು. ಠಣ್ ಎಂದಿತು. ನಾನು ಇಳಿದದ್ದು ಹಾಗೆ. ಇಳಿದೆ ಎನ್ನುವುದಕ್ಕಿಂತ ಇಳಿಸಲ್ಪಟ್ಟೆ.

ಚಿಕಿತ್ಸೆಯೇನೋ ಸರಳ. ಕಲೆಯ ಮೇಲೆ ಔಷಧ ಹಚ್ಚಿ, ಅದು ಹೀರುವವರೆಗೆ ಕೂರಿಸಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಬಾಯೊಳಗೆ ಕೆಂಪು ಬೆಳಕು ಬಿಡುತ್ತಾರೆ. ಔಷಧ ಕುಡಿದ ಕೆಟ್ಟ ಜೀವಕೋಶಗಳು ಆ ಬೆಳಕಿಗೆ ಸಾಯುತ್ತವಂತೆ. ಸವತಿಕಾಯಿಗೆ ಖಾರ ಸವರಿ ಕೆನ್ನೆಯಲ್ಲಿ ಇಟ್ಟುಕೊಂಡಷ್ಟು ಉರಿ, ಅಷ್ಟೇ. ಎರಡು ದಿನ ಬಿಸಿಲಿನಲ್ಲಿ ಬಾಯಿ ತೆರೆಯಬಾರದೆಂದು ಎಚ್ಚರಿಸಿದರು. ತಿರುಗಿ ಬರುವಾಗ ಕಂಡಕ್ಟರ್ ಕೇಳಿದ: “ಏನ್ ಸಾಹೇಬ್ರ, ಇವತ್ತ ಮಾತ ಇಲ್ಲಲಾ?”

“ಬಿಸಿಲಾಗ ಬಾಯಿ ತಗೀಬ್ಯಾಡ್ರಿ ಅಂದಾರಪ್ಪಾ ಡಾಕ್ಟರು,” ಎಂದಳು ಕಸ್ತೂರಿ. “ಇಪ್ಪತ್ತೈದು ವರ್ಷದಾಗ ನನ್ನ ಕೈಲೆ ಆಗದ್ದು, ಒಂದು ದೀಪ ಮಾಡೇತಿ ನೋಡು!”

ಇಡೀ ಬಸ್ಸು ನಕ್ಕಿತು. ನಾನು ತುಟಿ ಬಿಗಿಹಿಡಿದು ಮೂಗಿನಿಂದಲೇ ನಕ್ಕೆ.

ಹೀಗೆ ಮೂರು ಸಲ ಬೆಳಕು ಬಿತ್ತು. ತಿಂಗಳು ಕಳೆದು ಮೊನ್ನೆ ತೋರಿಸಲು ಹೋದಾಗ, ಡಾಕ್ಟರಮ್ಮ ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ನನ್ನ ಟೋಪಿ ಮತ್ತೆ ನೆನಪಾಯಿತು. ಅವರು ಮೇಜಿನ ಮೇಲಿದ್ದ ಪುಟ್ಟ ದುಂಡನೆಯ ಕನ್ನಡಿ ನನ್ನ ಕೈಗಿತ್ತು, “ನೀವೇ ನೋಡ್ರಿ,” ಎಂದರು. ಕೆನ್ನೆ ಒಳಗೆಲ್ಲ ಕೂಸಿನ ಕೆನ್ನೆಯಂತೆ ಗುಲಾಬಿ. “ಕಲಿ ಹೋಗೇತಿ. ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ರಿ. ಡಬ್ಬಿ ಮಾತ್ರ ಮತ್ತ ಮುಟ್ಟಬ್ಯಾಡ್ರಿ.” ಕೈಮುಗಿದು ಹೊರಬಂದೆ. ಬಸ್ಸಿನಲ್ಲಿ ಕಸ್ತೂರಿ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ತಿಂಗಳಾನುಗಟ್ಟಲೆ ಅವಳೂ ಸರಿಯಾಗಿ ಮಲಗಿರಲಿಲ್ಲವೆಂದು ಆಗ ತಿಳಿಯಿತು.

ಹಳಿಯಾಳ ಹತ್ತಿರವಾದಂತೆ ನನ್ನ ಕೈ ಹಳೆಯ ಚಟಕ್ಕೆ ಜೇಬು ತಡವಿತು. ಡಬ್ಬಿಯಷ್ಟೇ ದುಂಡಗೆ, ಡಬ್ಬಿಯಷ್ಟೇ ತಣ್ಣಗೆ ಏನೋ ತಾಗಿತು. ಕಸ್ತೂರಿಗೆ ಎಚ್ಚರವಿಲ್ಲವೆಂದು ಖಚಿತಮಾಡಿಕೊಂಡೆ. ತೆಗೆದರೆ ಡಾಕ್ಟರಮ್ಮನ ಕನ್ನಡಿ! ಬಾಯಿಯ ಕೆಲಸ ಮುಗಿದೊಡನೆ ಕೈಯಲ್ಲಿದ್ದುದನ್ನು ಜೇಬಿಗಿಳಿಸುವುದು ಆ ಕೈಗೆ ಮೂವತ್ತು ವರ್ಷದ ವಿದ್ಯೆ.

ಕಸ್ತೂರಿ ಕಣ್ಣುಬಿಟ್ಟಳು. “ಅಯ್ಯ ಶಿವನ! ದವಾಖಾನಿ ಕನ್ನಡಿ ಕದ್ದೀರೇನ್ರೀ?”

ನಾನು ಆಗಬಾರದ್ದರ ಆ ಹಾಳೆ ತೆಗೆದು ಎರಡು ಸಲ ಓದಿದೆ. ನಾನು ಕಳ್ಳನಾಗಬಹುದೆಂದು ಎಲ್ಲಿಯೂ ಬರೆದಿಟ್ಟಿರಲಿಲ್ಲ.